ಅಂಡಮಾನ್, ಬಾಲಿ, ಪೆನಾಂಗ್, ಮಾರಿಷಸ್: ದ್ವೀಪದಲ್ಲಿ ಮನೆ ಮಾಡಲು ನಿಜವಾಗಿ ಎಷ್ಟು ಬೇಕು?

"ಬಾಲಿಯಲ್ಲಿ ತಿಂಗಳಿಗೆ 40 ಸಾವಿರ ಇದ್ದರೆ ರಾಜನ ಥರ ಇರಬಹುದಂತೆ." ಈ ಮಾತು ನೀವೂ ಕೇಳಿರುತ್ತೀರಿ. ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾದ ಮೇಲೆ ಬೆಂಗಳೂರಿನ ಬಾಡಿಗೆ, ಟ್ರಾಫಿಕ್ಕು ಸಾಕಾಗಿ ಈ ಲೆಕ್ಕ ಹಾಕುವವರು ಜಾಸ್ತಿಯಾಗಿದ್ದಾರೆ. ರಿಟೈರ್ ಆಗುವ ಹೊತ್ತಿಗೆ ಸಮುದ್ರದ ಪಕ್ಕ ಒಂದು ಮನೆ ಇರಲಿ ಅನ್ನುವವರೂ ಇದ್ದಾರೆ. ಆದರೆ ಆ 40 ಸಾವಿರದಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ ಅಂತ ಬಿಡಿಸಿ ನೋಡುವವರು ಕಡಿಮೆ.

ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ನನ್ನ ಪ್ರಕಾರ ಅದು ಮೂರೋ ನಾಲ್ಕನೆಯದೋ ಪ್ರಶ್ನೆ. ಅಲ್ಲಿ ಕಾನೂನುಬದ್ಧವಾಗಿ ಉಳಿಯಲು ಎಷ್ಟು ಆದಾಯ ತೋರಿಸಬೇಕು, ನೀವು ದಿನಾ ತಿನ್ನುವುದು ಅಲ್ಲೇ ಬೆಳೆಯುತ್ತದೋ ಇಲ್ಲ ಹಡಗಲ್ಲಿ ಬರುತ್ತದೋ, ಹುಷಾರಿಲ್ಲದಾಗ ಅಥವಾ ಊರಲ್ಲಿ ಏನಾದರೂ ಆದಾಗ ದ್ವೀಪದಿಂದ ಹೊರಗೆ ಬರಲು ಎಷ್ಟಾಗುತ್ತದೆ – ಇವೇ ಖರ್ಚನ್ನು ತೀರ್ಮಾನ ಮಾಡುವುದು. ಬಾಡಿಗೆಯನ್ನು ಬೇಕಾದರೆ ಚೌಕಾಸಿ ಮಾಡಬಹುದು. ಇವುಗಳನ್ನು ಆಗಲ್ಲ.

ನಾಲ್ಕು ಜಾಗಗಳನ್ನು ಇಟ್ಟುಕೊಂಡು ನೋಡೋಣ. ನಮ್ಮದೇ ಅಂಡಮಾನ್, ಇಂಡೋನೇಷ್ಯಾದ ಬಾಲಿ, ಮಲೇಷ್ಯಾದ ಪೆನಾಂಗ್, ಮತ್ತೆ ಮಾರಿಷಸ್. ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 90 ರೂ., ರಿಂಗಿಟ್‌ಗೆ 22 ರೂ., ಮಾರಿಷಸ್ ರೂಪಾಯಿಗೆ ನಮ್ಮ 2 ರೂ., 10 ಲಕ್ಷ ಇಂಡೋನೇಷ್ಯಾ ರುಪಿಯಾಗೆ 5,400 ರೂ. ಅಂತ ಹಿಡಿದಿದ್ದೇನೆ. ನೀವು ಓದುವ ದಿನದ ದರ ಹಾಕಿ ಸರಿಮಾಡಿಕೊಳ್ಳಿ.

ಮೊದಲು ಬಾಗಿಲು, ಆಮೇಲೆ ಮನೆ

ಅಂಡಮಾನ್‌ಗೆ ವೀಸಾ ಬೇಕಿಲ್ಲ. ಅಲ್ಲಿ ಹೋಗಿ ಬಾಡಿಗೆ ಮನೆ ಹಿಡಿದು ಕೆಲಸ ಮಾಡಿದರೆ ಯಾರೂ ಆದಾಯದ ಪತ್ರ ಕೇಳಲ್ಲ. ಆದಿವಾಸಿಗಳ ಮೀಸಲು ಪ್ರದೇಶಗಳಿಗೆ ಮಾತ್ರ ಹೋಗುವಂತಿಲ್ಲ. ಇದು ಚಿಕ್ಕ ವಿಷಯ ಅಂತ ಅನ್ನಿಸಬಹುದು. ಉಳಿದ ಮೂರು ಕಡೆ ಏನು ಕೇಳುತ್ತಾರೆ ಅಂತ ನೋಡಿದ ಮೇಲೆ ಹಾಗೆ ಅನ್ನಿಸಲ್ಲ.

ಮಾರಿಷಸ್ 2020ರಲ್ಲಿ ಪ್ರೀಮಿಯಂ ವೀಸಾ ಅಂತ ಶುರು ಮಾಡಿತು. ಹೊರದೇಶದ ಕಂಪನಿಗೆ ದುಡಿಯುವವರು ಒಂದು ವರ್ಷ ಇರಬಹುದು, ಮತ್ತೆ ನವೀಕರಿಸಬಹುದು. ಆಗ ಇಟ್ಟ ಆದಾಯದ ಮಿತಿ ತಿಂಗಳಿಗೆ 1,500 ಡಾಲರ್. ಅಂದರೆ ವರ್ಷಕ್ಕೆ ಸುಮಾರು 16 ಲಕ್ಷ ರೂ. ಪೆನಾಂಗ್‌ಗೆ ಹೋಗುವವರಿಗೆ, ರಿಮೋಟ್ ಕೆಲಸಗಾರರಿಗೆ ಅಂತಲೇ ಮಲೇಷ್ಯಾ ಕೊಡುವ ಡಿಇ ರಾಂಟೌ ಪಾಸ್ ಇದೆ. ಅದು ಬಂದಿದ್ದು 2022ರಲ್ಲಿ. ಟೆಕ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್, ಅಂದರೆ 21-22 ಲಕ್ಷ ರೂ. ಟೆಕ್ ಅಲ್ಲದವರಿಗೆ 60,000 ಡಾಲರ್.

ಈಗ ಬಾಲಿ. ಇಂಡೋನೇಷ್ಯಾದ ರಿಮೋಟ್ ಕೆಲಸಗಾರರ ವೀಸಾಗೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ನಮ್ಮ ದುಡ್ಡಲ್ಲಿ 54 ಲಕ್ಷ! ಟೆಕ್ ಕೆಲಸದವರಿಗೆ ನೋಡಿದರೆ, ಎಲ್ಲರೂ ಅಗ್ಗ ಅನ್ನುವ ಜಾಗದ ಬಾಗಿಲೇ ಎಲ್ಲಕ್ಕಿಂತ ಎತ್ತರದಲ್ಲಿದೆ. ಹಾಗಾದರೆ ಅಲ್ಲಿ ಇರುವ ಇಷ್ಟೊಂದು ಜನ ಹೇಗಿದ್ದಾರೆ? ತುಂಬಾ ಜನ ವೀಸಾ ಆನ್ ಅರೈವಲ್ ತಗೊಂಡು ಹೋಗುತ್ತಾರೆ. 5 ಲಕ್ಷ ರುಪಿಯಾ ಕೊಟ್ಟರೆ 30 ದಿನ, ಒಂದು ಸಲ ಇನ್ನೂ 30 ದಿನ ಮುಂದಕ್ಕೆ ಹಾಕಬಹುದು. ಅದು ಮುಗಿದ ಮೇಲೆ ದೇಶ ಬಿಟ್ಟು ಹೊರಗೆ ಹೋಗಿ ಮತ್ತೆ ಬರುವುದು. ಹೀಗೆ ವರ್ಷದಲ್ಲಿ ಐದಾರು ಸಲ ಹೋಗಿ ಬರುವ ವಿಮಾನದ ಖರ್ಚನ್ನು "ತಿಂಗಳಿಗೆ 40 ಸಾವಿರ"ದಲ್ಲಿ ಯಾರೂ ಸೇರಿಸಿರಲ್ಲ. ಪ್ರವಾಸಿ ವೀಸಾ ಇಟ್ಟುಕೊಂಡು ಕೆಲಸ ಮಾಡಿ ಸಿಕ್ಕಿಬಿದ್ದವರನ್ನು ಅಲ್ಲಿಂದ ಗಡೀಪಾರು ಮಾಡಿದ್ದೂ ಇದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರಂತೂ ಬೇಡವೇ ಬೇಡ.

ರಿಟೈರ್ ಆದವರ ಲೆಕ್ಕ ಬೇರೆ. ಮಾರಿಷಸ್‌ನಲ್ಲಿ 50 ದಾಟಿದವರಿಗೆ ವಾಸದ ಪರ್ಮಿಟ್ ಇದೆ, ಪ್ರತಿ ತಿಂಗಳು ಇಂತಿಷ್ಟು ಹಣ ಹೊರಗಿಂದ ತರಿಸಿಕೊಳ್ಳಬೇಕು. ಮಲೇಷ್ಯಾದ 'ಮೈ ಸೆಕೆಂಡ್ ಹೋಮ್' ಯೋಜನೆಯಲ್ಲಿ ಕೆಳಗಿನ ಮಟ್ಟವಾದ ಸಿಲ್ವರ್‌ಗೇ 1,50,000 ಡಾಲರ್ ಠೇವಣಿ ಇಡಬೇಕು. ಜೊತೆಗೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಲೇಬೇಕು. ಇಂಡೋನೇಷ್ಯಾದ ಸೆಕೆಂಡ್ ಹೋಮ್ ವೀಸಾಗೆ 1,30,000 ಡಾಲರ್, ಅಂದರೆ ಒಂದು ಕೋಟಿ ರೂಪಾಯಿಗೂ ಸ್ವಲ್ಪ ಜಾಸ್ತಿ, ಅಲ್ಲಿನ ಸರ್ಕಾರಿ ಬ್ಯಾಂಕಲ್ಲಿ ಇಡಬೇಕು. ಪೆನ್ಷನ್ ನಂಬಿಕೊಂಡ ನಮ್ಮ ಮಧ್ಯಮ ವರ್ಗದವರಿಗೆ ಇವೆರಡೂ ಆಗುವ ಮಾತಲ್ಲ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ವಲಸೆ ಇಲಾಖೆಯ ಪುಟವನ್ನೇ ನೋಡಿ, ಏಜೆಂಟ್ ಹೇಳಿದ್ದನ್ನಲ್ಲ.

ಅಡುಗೆಮನೆ ಹೇಳುವ ಸತ್ಯ

ದ್ವೀಪ ಅಂದಮೇಲೆ ಅರ್ಧ ಸಾಮಾನು ಹೊರಗಿಂದ ಬರಬೇಕು. ಯಾವ ಅರ್ಧ ಅನ್ನುವುದೇ ಪ್ರಶ್ನೆ.

ಅಂಡಮಾನ್‌ನಲ್ಲಿ ಮೀನು, ತೆಂಗಿನಕಾಯಿ, ಬಾಳೆಹಣ್ಣು ಸುಲಭವಾಗಿ ಸಿಗುತ್ತವೆ. ಈರುಳ್ಳಿ, ಆಲೂಗಡ್ಡೆ, ಬೇಳೆ, ಅಕ್ಕಿ ಎಲ್ಲ ಚೆನ್ನೈ ಮತ್ತು ಕೋಲ್ಕತ್ತಾ ಕಡೆಯಿಂದ ಹಡಗಲ್ಲಿ ಬರುತ್ತವೆ. ಚೆನ್ನೈನಿಂದ 1,200 ಕಿಲೋಮೀಟರ್ ಹತ್ತಿರ ದೂರ, ಹಡಗಿಗೆ ಸುಮಾರು ಮೂರು ದಿನ. ಸಮುದ್ರ ಕೆಟ್ಟು ಹಡಗು ತಡವಾದರೆ ಅಲ್ಲಿನ ಮುಖ್ಯ ಪೇಟೆಯಾದ ಅಬರ್ಡೀನ್ ಬಜಾರಿನಲ್ಲಿ ಟೊಮೇಟೊ ಬೆಲೆ ಏರಿಬಿಡುತ್ತದೆ. ಆದರೂ ಅಲ್ಲಿ ಸಿಗುವುದು ನಮ್ಮದೇ ತೊಗರಿಬೇಳೆ, ನಮ್ಮದೇ ಬ್ರ್ಯಾಂಡು, ನಮ್ಮದೇ ದುಡ್ಡು. ಸ್ವಲ್ಪ ತುಟ್ಟಿ, ಅಷ್ಟೇ.

ಬಾಲಿಯ ಮಣ್ಣು ಬಹಳ ಫಲವತ್ತು. ಗದ್ದೆಗಳಿಗೆ ನೀರು ಹಂಚುವ ಅವರ 'ಸುಬಕ್' ಪದ್ಧತಿಗೆ 2012ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ಅಕ್ಕಿ, ಸೊಪ್ಪು, ಪಪ್ಪಾಯ, ತೋಫು, ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ) ಎಲ್ಲ ಅಗ್ಗ. ವಾರುಂಗ್ ಅನ್ನುವ ಚಿಕ್ಕ ಹೋಟೆಲಲ್ಲಿ ಅನ್ನ, ನಾಲ್ಕು ಥರ ಪಲ್ಯ ಹಾಕಿದ ನಾಸಿ ಚಂಪುರ್ 30,000 ರುಪಿಯಾ ಆಸುಪಾಸು, ಅಂದರೆ 160 ರೂ. ಅದೇ ಚಂಗು ಅನ್ನುವ ಕರಾವಳಿ ಊರಿನ ಕೆಫೆಯಲ್ಲಿ ಕೂತು ಬ್ರೆಡ್ಡು, ಅವಕಾಡೊ, ಕಾಫಿ ಅಂದರೆ ಬಿಲ್ಲು ಮೂರು ಪಟ್ಟಿಗೂ ಮೇಲೆ. ಮೆನುವಿನಲ್ಲಿ ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಗಮನಿಸಿ. ಶೇ. 10 ತೆರಿಗೆ, ಅದರ ಮೇಲೆ ಸರ್ವಿಸ್ ಚಾರ್ಜ್ ಬೇರೆ ಬೀಳುತ್ತದೆ ಅಂತ ಅರ್ಥ.

ನಮ್ಮ ಊಟ ಬೇಕು ಅನ್ನುವವರಿಗೆ ಬಾಲಿ ಸ್ವಲ್ಪ ಕಷ್ಟವೇ. ತೊಗರಿಬೇಳೆ, ಉದ್ದಿನಬೇಳೆ, ಇಂಗು ಬೇಕೆಂದರೆ ಇಂಡಿಯನ್ ಅಂಗಡಿ ಹುಡುಕಬೇಕು, ಬೆಲೆಯೂ ಜಾಸ್ತಿ. ಹಾಲು, ಮೊಸರು ತುಟ್ಟಿ. ಸಸ್ಯಾಹಾರಿಗಳು ಇನ್ನೊಂದು ತಿಳಿದಿರಬೇಕು. ಅಲ್ಲಿನ ಸಾಂಬಲ್ ಚಟ್ನಿಯಲ್ಲಿ, ಕೆಲವೊಮ್ಮೆ ಸೊಪ್ಪಿನ ಪಲ್ಯದಲ್ಲೂ, 'ತೆರಾಸಿ' ಅನ್ನುವ ಸೀಗಡಿ ಪೇಸ್ಟ್ ಹಾಕುತ್ತಾರೆ. ಬರೀ ಮಾಂಸ ಬೇಡ ಅಂದರೆ ಸಾಲದು, ತೆರಾಸಿ ಬೇಡ ಅಂತಲೂ ಹೇಳಬೇಕು. ಎಲ್ಲ ಕಡೆ ಕೇಳಿ ಕೇಳಿ ಸಾಕಾಗಿ ಮನೆಯಲ್ಲೇ ಅಡುಗೆ ಶುರು ಮಾಡಿದರೆ ಅಗ್ಗದ ವಾರುಂಗ್‌ನ ಲಾಭ ಹೋಯಿತು.

ಈ ವಿಷಯದಲ್ಲಿ ಪೆನಾಂಗ್ ಗೆಲ್ಲುತ್ತದೆ, ಕಣ್ಣು ಮುಚ್ಚಿ ಹೇಳಬಹುದು. ಹೆಸರಿಗೆ ದ್ವೀಪ, ಆದರೆ 1985ರಿಂದ ಸೇತುವೆ ಇದೆ, 2014ರಲ್ಲಿ ಎರಡನೆಯದೂ ಬಂತು. ಲಾರಿ ನೇರವಾಗಿ ಬರುತ್ತದೆ. ಹಡಗಿನ ಖರ್ಚು ಸಾಮಾನಿನ ಮೇಲೆ ಬೀಳಲ್ಲ. ಅಲ್ಲಿನ ಮುಖ್ಯ ಪಟ್ಟಣವಾದ ಜಾರ್ಜ್‌ಟೌನಿನ ಲಿಟಲ್ ಇಂಡಿಯಾದಲ್ಲಿ ಕರಿಬೇವಿನಿಂದ ಇಡ್ಲಿ ಅಕ್ಕಿವರೆಗೆ ಎಲ್ಲ ಸಿಗುತ್ತದೆ. ಬಾಳೆಲೆ ಊಟ ಇದೆ, ಪರೋಟದಂಥ ರೋಟಿ ಚನಾಯ್ ಒಂದಕ್ಕೆ ಎರಡು ರಿಂಗಿಟ್ ಆಸುಪಾಸು. ತಮಿಳು ಬಂದರಂತೂ ಅಂಗಡಿಯವರು ನಿಮ್ಮನ್ನು ಹೊರಗಿನವರು ಅಂತ ನೋಡುವುದೇ ಇಲ್ಲ.

ಮಾರಿಷಸ್‌ನ ಕಥೆ ವಿಚಿತ್ರ. ನಮ್ಮ ಅಡುಗೆಮನೆಗೆ ಬೇಕಾದ್ದೆಲ್ಲ ಸಿಗುತ್ತದೆ, ಯಾಕೆಂದರೆ ಅಲ್ಲಿನ ಜನರಲ್ಲಿ ಮೂರನೇ ಎರಡು ಭಾಗ ಭಾರತ ಮೂಲದವರು. ಆದರೆ ಅದರಲ್ಲಿ ಬಹುಪಾಲು ಹೊರಗಿಂದ ಬರುವುದು. ಒಳ್ಳೆಯ ಜಮೀನಿನಲ್ಲೆಲ್ಲ ಕಬ್ಬು. ಅಕ್ಕಿ, ಗೋಧಿ, ಬೇಳೆ, ಹಾಲಿನ ಪುಡಿ ಎಲ್ಲ ಹಡಗು. ಅದರ ಮೇಲೆ ಹೆಚ್ಚಿನ ಸಾಮಾನಿಗೆ ಶೇ. 15 ವ್ಯಾಟ್. ಚಂಡಮಾರುತ ಬಂದುಹೋದ ಮೇಲೆ ತರಕಾರಿ ಸಿಗುವುದೇ ಕಷ್ಟ. ಸೂಪರ್ ಮಾರ್ಕೆಟ್ ಬಿಲ್ಲು ನೋಡಿದರೆ ಬೆಂಗಳೂರಿನ ದುಪ್ಪಟ್ಟು ಅನ್ನಿಸಿದರೆ ಆಶ್ಚರ್ಯ ಪಡಬೇಡಿ.

ಬೀದಿಯಲ್ಲಿ ಸಿಗುವ ಧೋಲ್ ಪುರಿ ಮಾತ್ರ ಈಗಲೂ ಬಡವರ ಕೈಗೆ ಎಟಕುವ ಊಟ. ಕಡಲೆಬೇಳೆ ಥರದ ಬೇಳೆಯನ್ನು ಬೇಯಿಸಿ, ಪುಡಿ ಮಾಡಿ, ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಸುಡುತ್ತಾರೆ. ಬೆಲ್ಲ ಹಾಕದ ಹೋಳಿಗೆ ಅಂದುಕೊಳ್ಳಿ. ಯಾವಾಗಲೂ ಎರಡರ ಜೋಡಿ, ಮಧ್ಯೆ ಅವರೆಯಂಥ ದೊಡ್ಡ ಕಾಳಿನ ಪಲ್ಯ, ಟೊಮೇಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಹಚ್ಚಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬಿಹಾರದ ಕಡೆಯಿಂದ ಕೂಲಿಗೆ ಹೋದವರು ತಮ್ಮ ಜೊತೆ ಕೊಂಡೊಯ್ದ ರುಚಿ ಅದು.

ಬಾಡಿಗೆ, ಮುಂಗಡ

ಶ್ರೀ ವಿಜಯಪುರಂ (2024ರ ಸೆಪ್ಟೆಂಬರ್‌ವರೆಗೆ ಪೋರ್ಟ್ ಬ್ಲೇರ್) ಊರಲ್ಲಿ ಸಾಧಾರಣ ಎರಡು ಕೋಣೆಯ ಮನೆಗೆ 12ರಿಂದ 20 ಸಾವಿರ ಇಟ್ಟುಕೊಳ್ಳಿ. ಸ್ವರಾಜ್ ದ್ವೀಪ, ಅಂದರೆ ಹ್ಯಾವ್‌ಲಾಕ್‌ನಲ್ಲಿ ಪ್ರವಾಸಿಗರ ಗದ್ದಲ, ಮನೆ ಸಿಗುವುದೇ ಕಷ್ಟ.

ಪೆನಾಂಗ್‌ನಲ್ಲಿ ಫರ್ನಿಚರ್ ಸಮೇತ ಅಪಾರ್ಟ್‌ಮೆಂಟು 1,500ರಿಂದ 2,200 ರಿಂಗಿಟ್, ಅಂದರೆ 33ರಿಂದ 48 ಸಾವಿರ ರೂ. ಒಳಗೆ ಹೋಗುವಾಗ ಎರಡು ತಿಂಗಳ ಠೇವಣಿ, ನೀರು-ಕರೆಂಟಿಗೆ ಅರ್ಧ ತಿಂಗಳದ್ದು, ಮೊದಲ ತಿಂಗಳ ಬಾಡಿಗೆ ಕೊಡಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಬ್ಬ. ಮಾರಿಷಸ್‌ನಲ್ಲಿ ಗ್ರಾನ್ ಬೇ, ತಮರಾನ್ ಥರದ ಕರಾವಳಿ ಊರುಗಳಲ್ಲಿ ವಿದೇಶೀಯರೇ ಜಾಸ್ತಿ, ಬಾಡಿಗೆಯೂ 30ರಿಂದ 50 ಸಾವಿರ ಮಾರಿಷಸ್ ರೂಪಾಯಿ. ಒಳಭಾಗದ ಕಾತ್ರ್ ಬೋರ್ನ್, ರೋಸ್ ಹಿಲ್ ಊರುಗಳ ಕಡೆ ಅದರ ಅರ್ಧ. ಅಲ್ಲಿಗೆ ಮೆಟ್ರೊ ಇದೆ, ಎತ್ತರದ ಜಾಗವಾದ್ದರಿಂದ ಸೆಕೆಯೂ ಕಡಿಮೆ. ನಾನಾದರೆ ಅಲ್ಲೇ ಮನೆ ಮಾಡಿ ಭಾನುವಾರ ಸಮುದ್ರಕ್ಕೆ ಹೋಗಿ ಬರುತ್ತಿದ್ದೆ.

ಬಾಲಿಯಲ್ಲಿ ಎರಡು ಲೋಕ ಇವೆ. ಈಜುಕೊಳದ ವಿಲ್ಲಾ ಚಂಗುವಿನಲ್ಲಿ ತಿಂಗಳಿಗೆ ಒಂದೂವರೆ ಎರಡು ಕೋಟಿ ರುಪಿಯಾ, ಅಂದರೆ 80 ಸಾವಿರದಿಂದ ಲಕ್ಷ ರೂ. ಸ್ಥಳೀಯರು ಇರುವ 'ಕೋಸ್' ಅನ್ನುವ ಒಂಟಿ ಕೋಣೆಗಳು 14ರಿಂದ 27 ಸಾವಿರ ರೂ. ನಡುವೆ ಸನೂರ್, ಡೆನ್ಪಸಾರ್ ಕಡೆಯ ಸರಳ ಮನೆಗಳು 30-40 ಸಾವಿರಕ್ಕೆ ಸಿಗುತ್ತವೆ. ಆದರೆ ಒಳ್ಳೆಯ ದರ ಬೇಕೆಂದರೆ ಇಡೀ ವರ್ಷದ ಬಾಡಿಗೆ ಒಟ್ಟಿಗೆ ಕೇಳುತ್ತಾರೆ. ನಾಲ್ಕೂವರೆ ಲಕ್ಷ ಮೊದಲ ದಿನವೇ ಎಣಿಸಿದ ಮೇಲೆ ಪಕ್ಕದ ಸೈಟಿನಲ್ಲಿ ಹೊಸ ವಿಲ್ಲಾ ಕಟ್ಟಲು ಶುರು ಮಾಡಿದರೆ? ದುಡ್ಡು ವಾಪಸ್ ಬರಲ್ಲ. ಮೊದಲು ಒಂದೆರಡು ತಿಂಗಳು ಜಾಸ್ತಿ ಕೊಟ್ಟಾದರೂ ತಿಂಗಳ ಬಾಡಿಗೆಯಲ್ಲಿ ಇದ್ದು ನೋಡಿ. ಕೊಂಡುಬಿಡೋಣ ಅಂದುಕೊಂಡರೆ, ವಿದೇಶೀಯರ ಹೆಸರಿಗೆ ಅಲ್ಲಿ ಪೂರ್ಣ ಒಡೆತನದ ಜಮೀನು ಆಗುವುದೇ ಇಲ್ಲ, ಇಂತಿಷ್ಟು ವರ್ಷದ ಗುತ್ತಿಗೆ ಮಾತ್ರ. ಸ್ಥಳೀಯರೊಬ್ಬರ ಹೆಸರಲ್ಲಿ ಮಾಡಿಸೋಣ ಅನ್ನುವವರ ಹತ್ತಿರವೂ ಸುಳಿಯಬೇಡಿ.

ಸೆಕೆಗೂ ಬಿಲ್ಲು ಬರುತ್ತದೆ

ಇಂಡೋನೇಷ್ಯಾದಲ್ಲಿ ಕರೆಂಟು ಬಹಳ ಕಡೆ ಪ್ರೀಪೇಯ್ಡ್. ಅಂಗಡಿಯಲ್ಲೋ ಫೋನಲ್ಲೋ ದುಡ್ಡು ಕೊಟ್ಟರೆ 20 ಅಂಕಿಯ ಟೋಕನ್ ನಂಬರ್ ಬರುತ್ತದೆ. ಅದನ್ನು ಮನೆ ಹೊರಗಿನ ಮೀಟರಿನ ಗುಂಡಿಗಳಲ್ಲಿ ಒಂದೊಂದಾಗಿ ಒತ್ತಬೇಕು. ಯೂನಿಟ್ ಮುಗಿಯುತ್ತಾ ಬಂದರೆ ಮೀಟರು ಬೀಪ್ ಬೀಪ್ ಅಂತ ಕೂಗುತ್ತಾ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕೂಗಿದರೂ ಎದ್ದು ಹೋಗಬೇಕು, ಇಲ್ಲದಿದ್ದರೆ ಎಸಿ ನಿಲ್ಲುತ್ತದೆ. ದರ ಯೂನಿಟ್ಟಿಗೆ ಸಣ್ಣ ಮನೆಗೆ ಸುಮಾರು 1,445 ರುಪಿಯಾ, ದೊಡ್ಡ ಸಂಪರ್ಕಕ್ಕೆ ಸುಮಾರು 1,700. ನಮ್ಮ ಲೆಕ್ಕದಲ್ಲಿ 8ರಿಂದ 9 ರೂ. ಒಂದು ಕೋಣೆಗೆ ರಾತ್ರಿಯೆಲ್ಲ ಎಸಿ ಹಾಕಿದರೆ ತಿಂಗಳಿಗೆ ಎರಡು ಎರಡೂವರೆ ಸಾವಿರ ರೂ. ಆಗಬಹುದು.

ಅಂಡಮಾನ್‌ನ ಕರೆಂಟು ಬಹುಪಾಲು ಡೀಸೆಲ್ ಜನರೇಟರಿನದು, ಸರ್ಕಾರ ಸಬ್ಸಿಡಿ ಕೊಡುವುದರಿಂದ ಬಿಲ್ಲು ಹೆಚ್ಚು ಬರಲ್ಲ. ಅಲ್ಲಿ ಕಾಡುವುದು ನೀರು. ಅಷ್ಟು ಮಳೆ ಬೀಳುವ ಊರಲ್ಲಿ ಮಾರ್ಚ್-ಏಪ್ರಿಲ್‌ಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಪರಿಸ್ಥಿತಿ ಬರುತ್ತದೆ. ಮನೆ ನೋಡುವಾಗ ಟ್ಯಾಂಕು ಎಷ್ಟು ದೊಡ್ಡದು ಅಂತ ಕೇಳಿ. ಇಂಟರ್ನೆಟ್ ವಿಷಯದಲ್ಲಿ 2020ರ ಆಗಸ್ಟ್ ದೊಡ್ಡ ತಿರುವು. ಚೆನ್ನೈನಿಂದ ಸಮುದ್ರದಡಿ ಸುಮಾರು 2,300 ಕಿಲೋಮೀಟರ್ ಕೇಬಲ್ ಬಂತು. ಅದಕ್ಕೂ ಮುಂಚೆ ಎಲ್ಲ ಸ್ಯಾಟಲೈಟ್, ವೀಡಿಯೊ ಕಾಲ್ ಕನಸಿನ ಮಾತು.

ನಾಲ್ಕೂ ಕಡೆ ಉಪ್ಪುಗಾಳಿಗೆ ಸೈಕಲ್ಲು, ಫ್ರಿಜ್ಜು, ಗ್ಯಾಸ್ ಸ್ಟವ್ ತುಕ್ಕು ಹಿಡಿಯುತ್ತವೆ. ಚರ್ಮದ ಚಪ್ಪಲಿಗೆ ಬೂಸ್ಟು. ಊರಿಂದ ಒಳ್ಳೆಯ ಸಾಮಾನು ಹೊತ್ತುಕೊಂಡು ಹೋಗಬೇಡಿ.

ಹೊರಗೆ ಬರುವ ಖರ್ಚು

ಅಪ್ಪ-ಅಮ್ಮ ಊರಲ್ಲಿ ಇರುವವರು ಇದನ್ನು ಮೊದಲು ಲೆಕ್ಕ ಹಾಕಬೇಕು. ಅಂಡಮಾನ್‌ಗೆ ಬೆಂಗಳೂರಿನಿಂದ ವಿಮಾನ ಇದೆ, ಆದರೆ ಡಿಸೆಂಬರ್‌ನಲ್ಲೋ ಹಬ್ಬದಲ್ಲೋ ಟಿಕೆಟ್ ದರ ಹೊರದೇಶಕ್ಕೆ ಹೋದಷ್ಟಾಗುತ್ತದೆ. ಬಾಲಿಗೆ 2024ರ ಮಾರ್ಚ್‌ನಿಂದ ಬೆಂಗಳೂರಿನಿಂದ ನೇರ ವಿಮಾನ ಶುರುವಾಯಿತು. ಪೆನಾಂಗ್‌ಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಚೆನ್ನೈನಿಂದ ನೇರ ವಿಮಾನ ಶುರುವಾಯಿತು. ಮಾರಿಷಸ್‌ಗೆ ಮುಂಬೈ ಮೂಲಕ ಹೋಗುವುದು ವಾಡಿಕೆ. ನಾಲ್ಕರಲ್ಲಿ ತುರ್ತಿಗೆ ಅತಿ ದುಬಾರಿ ಬೀಳುವುದು ಅದೇ.

ಆಸ್ಪತ್ರೆ ಅಂದರೆ ಪೆನಾಂಗ್‌ನದೇ ಮೇಲುಗೈ. ಇಂಡೋನೇಷ್ಯಾದ ಸುಮಾತ್ರಾದಿಂದ ಜನ ಚಿಕಿತ್ಸೆಗೆ ವಿಮಾನ ಹತ್ತಿ ಅಲ್ಲಿಗೆ ಬರುತ್ತಾರೆ. ಬಾಲಿಯ ಸನೂರ್‌ನಲ್ಲಿ 2025ರಲ್ಲಿ ದೊಡ್ಡ ಅಂತಾರಾಷ್ಟ್ರೀಯ ಆಸ್ಪತ್ರೆ ತೆರೆದಿದೆ, ದರ ಖಾಸಗಿ ಮಟ್ಟದ್ದು. ಅಂಡಮಾನ್‌ನಲ್ಲಿ ಸರ್ಕಾರಿ ಜಿ.ಬಿ. ಪಂತ್ ಆಸ್ಪತ್ರೆ ಇದೆ, ಗಂಭೀರವಾದರೆ ಚೆನ್ನೈಗೋ ಕೋಲ್ಕತ್ತಾಗೋ ಕಳಿಸುತ್ತಾರೆ. ಹೃದಯದ ತೊಂದರೆ, ಡಯಾಲಿಸಿಸ್ ಇರುವವರು ಅಲ್ಲಿಗೆ ಹೋಗಿ ನೆಲೆಸುವುದನ್ನು ನಾನು ಒಪ್ಪಲ್ಲ. ನಮ್ಮ ದೇಶದ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯಲ್ಲ, ಬೇರೆಯದು ಮಾಡಿಸಬೇಕು. ಬಾಲಿಯಲ್ಲಿ ಸ್ಕೂಟರ್ ಓಡಿಸುವವರು ಬೈಕಿನ ಲೈಸೆನ್ಸು, ಅಂತಾರಾಷ್ಟ್ರೀಯ ಪರ್ಮಿಟ್ಟು ಎರಡೂ ಇಟ್ಟುಕೊಳ್ಳಿ. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಸಂಬಳ ಇಲ್ಲಿನ ಖಾತೆಗೆ ಬಂದು ಅಲ್ಲಿಗೆ ಕಳಿಸಿಕೊಳ್ಳುವವರು ಇನ್ನೊಂದು ನೋಡಿ. ವರ್ಷಕ್ಕೆ 10 ಲಕ್ಷ ರೂ. ದಾಟಿ ಹೊರಗೆ ಕಳಿಸಿದರೆ ಮೇಲಿನ ಹಣಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿ ಇರಲ್ಲ. ಮೂರೂ ದೇಶಗಳಲ್ಲಿ ಅರ್ಧ ವರ್ಷ ದಾಟಿ ಇದ್ದರೆ ಅಲ್ಲಿನ ತೆರಿಗೆ ನಿವಾಸಿ ಆಗುವ ಪ್ರಶ್ನೆ ಬರುತ್ತದೆ. ಹೊರಡುವ ಮುಂಚೆ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಹಾಗಾದರೆ ಯಾರಿಗೆ ಯಾವುದು?

ಗಂಡ-ಹೆಂಡತಿ ಇಬ್ಬರ ಸರಳ ಜೀವನಕ್ಕೆ, ವಿಮಾನ, ವಿಮೆ, ವೀಸಾ ಬಿಟ್ಟು, ನನ್ನ ಅಂದಾಜು ಹೀಗಿದೆ. ಅಂಡಮಾನ್‌ನಲ್ಲಿ 45ರಿಂದ 60 ಸಾವಿರ. ಪೆನಾಂಗ್‌ನಲ್ಲಿ ಒಂದು ಲಕ್ಷದಿಂದ 1.2 ಲಕ್ಷ. ಬಾಲಿಯಲ್ಲಿ 1.1ರಿಂದ 1.3 ಲಕ್ಷ. ಮಾರಿಷಸ್‌ನಲ್ಲಿ 1.2ರಿಂದ 1.5 ಲಕ್ಷ. 40 ಸಾವಿರದಲ್ಲಿ ಬಾಲಿ ಅನ್ನುವುದು ಒಬ್ಬರೇ, ಕೋಸ್ ಕೋಣೆಯಲ್ಲಿ, ವಾರುಂಗ್ ಊಟದಲ್ಲಿ, ವಿಮೆ ಇಲ್ಲದೆ ಇದ್ದರೆ ಆಗುವ ಮಾತು.

ಟೆಕ್ ಕೆಲಸದ ಜೋಡಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ನಾನು ಹೇಳುವುದು ಪೆನಾಂಗ್. ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಭಾರತದ ಆಫೀಸು ಶುರುವಾಗುವ ಹೊತ್ತಿಗೆ ಬೆಳಗಿನ ವಾಕಿಂಗು, ತಿಂಡಿ ಎಲ್ಲ ಮುಗಿದಿರುತ್ತದೆ. ಅದರ ಬದಲಿಗೆ ಸಂಜೆಯ ಮೀಟಿಂಗ್ ರಾತ್ರಿ ಊಟದ ಹೊತ್ತಿಗೆ ಬೀಳುತ್ತದೆ. ಯುರೋಪಿನ ಗ್ರಾಹಕರ ಕೆಲಸ ಇದ್ದರೆ ಮಾರಿಷಸ್ ಒಳ್ಳೆಯದು, ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಂಗ್ಲಿಷ್ ನಡೆಯುತ್ತದೆ, 2024ರಿಂದ ಭಾರತದಿಂದ ಹೋದವರ ಯುಪಿಐ ಕೂಡ ನಡೆಯುತ್ತದೆ. ಪೆನ್ಷನ್‌ನಲ್ಲಿ ಇರುವ, ಆರೋಗ್ಯ ಗಟ್ಟಿಯಾಗಿರುವ, ಮೀನು ತಿನ್ನುವ ಹಿರಿಯರಿಗೆ ಅಂಡಮಾನ್‌ನಷ್ಟು ನೆಮ್ಮದಿಯ ಜಾಗ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಬಾಲಿ ಚೆಂದವೇ, ಆದರೆ 54 ಲಕ್ಷದ ಆದಾಯ ಇಲ್ಲದಿದ್ದರೆ ಅದನ್ನು ಎರಡು ತಿಂಗಳ ರಜೆಯ ಊರಾಗಿ ಇಟ್ಟುಕೊಳ್ಳಿ.

ಯಾವುದೇ ಇರಲಿ, ಗಂಟುಮೂಟೆ ಕಟ್ಟುವ ಮುಂಚೆ ಒಂದು ತಿಂಗಳು ಹೋಗಿ ಇದ್ದು ಬನ್ನಿ, ಅದೂ ಕೆಟ್ಟ ಕಾಲದಲ್ಲಿ. ಬಾಲಿಗೆ ಜನವರಿಯ ಮಳೆಯಲ್ಲಿ, ಮಾರಿಷಸ್‌ಗೆ ಚಂಡಮಾರುತದ ಭಯ ಇರುವ ಫೆಬ್ರವರಿಯಲ್ಲಿ, ಪೆನಾಂಗ್‌ಗೆ ಅಕ್ಟೋಬರ್‌ನಲ್ಲಿ. ಅಂಡಮಾನ್‌ಗಾದರೆ ಎರಡು ಸಲ: ಒಮ್ಮೆ ಜುಲೈನಲ್ಲಿ, ಇನ್ನೊಮ್ಮೆ ನಲ್ಲಿಯಲ್ಲಿ ನೀರು ಕಮ್ಮಿಯಾಗುವ ಏಪ್ರಿಲ್‌ನಲ್ಲಿ. ಆ ತಿಂಗಳು ಹೋಟೆಲಲ್ಲಿ ಉಳಿಯದೆ ಬಾಡಿಗೆ ಮನೆಯಲ್ಲೇ ಇರಿ, ಮಾರ್ಕೆಟ್ಟಿಗೆ ನೀವೇ ಹೋಗಿ, ಬಿಲ್ಲುಗಳನ್ನು ಎತ್ತಿಡಿ. ಆ ಒಂದು ತಿಂಗಳ ಮೊತ್ತಕ್ಕೆ ವರ್ಷಕ್ಕೆ ಎರಡು ಸಲ ಊರಿಗೆ ಬಂದುಹೋಗುವ ಟಿಕೆಟ್, ವಿಮೆ, ವೀಸಾದ ಹಣವನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ಮನೆ ಹುಡುಕಲು ಆ ಅಂಕಿ ಇಟ್ಟುಕೊಂಡು ಹೊರಡಿ.